ಬಾಣಂತನದ ಕೋಣೆಯ ಒಳಗೂ ಹೊರಗೂ

ಎಷ್ಟು ಮಕ್ಕಳು ಬೇಕೆಂದು ಮದುವೆಯಾಗದ ಹುಡುಗ ಹುಡುಗಿಯರನ್ನು ಕೇಳಿ ನೋಡಿ. ಬಹುತೇಕರ ಉತ್ತರ ಒಂದೇ: ಎರಡು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ದೇಶದ ಹೆಂಗಸರು ‘ಇಷ್ಟು ಮಕ್ಕಳಿದ್ದರೆ ಚೆನ್ನ’ ಎಂದು ಹೇಳಿದ ಸಂಖ್ಯೆಯ ಸರಾಸರಿಯೂ 2.1. ಚನ್ನಗಿರಿಯ ಅಡಿಕೆ ಬೆಳೆಗಾರನ ಮನೆಯಾಗಲಿ, ಜಗಳೂರಿನ ಮೆಕ್ಕೆಜೋಳದ ರೈತನ ಮನೆಯಾಗಲಿ, ಸಂಖ್ಯೆಯ ಬಗ್ಗೆ ಈಗ ಹೆಚ್ಚು ತಕರಾರಿಲ್ಲ. ತಕರಾರು ಶುರುವಾಗುವುದು ಮುಂದಿನ ಪ್ರಶ್ನೆಗಳಲ್ಲಿ. ಯಾಕೆ ಬೇಕು? ಯಾವಾಗ ಬೇಕು? ಎರಡೂ ಹೆಣ್ಣಾದರೆ? ಸಾಕುವವರು ಯಾರು? ಇವಕ್ಕೆ ಹುಡುಗ ಕೊಡುವ ಉತ್ತರ ಒಂದು, ಹುಡುಗಿ ಕೊಡುವುದು ಇನ್ನೊಂದು. ಒಬ್ಬಳೇ ಮಗಳಾಗಿ ಬೆಳೆದವಳು ಹೇಳುವುದು ಒಂದು, ಮೂವರು ತಂಗಿಯರ ಅಕ್ಕ ಹೇಳುವುದೇ ಬೇರೆ.

ಮಕ್ಕಳ ಬಗೆಗಿನ ಆಸೆ ತಾಳಿ ಕಟ್ಟಿದ ದಿನ ಹುಟ್ಟುವುದಿಲ್ಲ. ಎಂಟು ಹತ್ತು ವರ್ಷದಿಂದಲೇ ಮನೆಯಲ್ಲಿ ನೋಡಿದ್ದು, ಕೇಳಿದ್ದು, ತನ್ನ ಕೈಯಾರೆ ಮಾಡಿದ್ದು ಸೇರಿ ಅದು ಬೆಳೆದಿರುತ್ತದೆ. ಅದರಲ್ಲೂ ಹಿರಿಯರು ಆಡಿದ ಮಾತಿಗಿಂತ, ಮನೆಯಲ್ಲಿ ಕೂಸಿನ ಕೆಲಸ ಯಾರ ಪಾಲಿಗೆ ಬಂದಿತ್ತು ಎಂಬುದೇ ಆಳಕ್ಕೆ ಇಳಿದಿರುತ್ತದೆ ಎಂದು ನಾನು ನಂಬಿದ್ದೇನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು, ಈ ಬಗ್ಗೆ ಬಲ್ಲವರು ಹೇಳಿರುವುದನ್ನೂ ಸೇರಿಸಿಕೊಂಡು ಆ ನಂಬಿಕೆಯನ್ನು ಇಲ್ಲಿ ಪರಿಶೀಲಿಸುತ್ತೇನೆ.

ನಾಲ್ಕೂ ದಾವಣಗೆರೆ ಜಿಲ್ಲೆಯವು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರಲ್ಲಿ ಈ ಜಿಲ್ಲೆ ಆಯಿತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಈಚೆಗೆ ಹೊನ್ನಾಳಿಯಿಂದ ಬೇರೆಯಾಯಿತು. ಜಿಲ್ಲೆ ಒಂದಾದರೂ ಬದುಕು ಒಂದಲ್ಲ. ಭದ್ರಾ ನಾಲೆಯ ನೀರು ಹರಿದ ಊರುಗಳಲ್ಲಿ ಮೊದಲು ಭತ್ತ ಬಂತು, ಆಮೇಲೆ ಗದ್ದೆಗಳೇ ಅಡಿಕೆ ತೋಟಗಳಾದವು. ಚನ್ನಗಿರಿಯಲ್ಲಿ ಅಡಿಕೆಯ ಧಾರಣೆ ನೋಡಿ ಮನೆ ಕಟ್ಟುತ್ತಾರೆ, ಮದುವೆ ಗೊತ್ತು ಮಾಡುತ್ತಾರೆ. ಜಗಳೂರು ಮಳೆಯನ್ನೇ ನಂಬಿದ ಸೀಮೆ. ಬೋರು ಕೊರೆಸಿ ಕೈಸುಟ್ಟುಕೊಂಡವರು ಅಲ್ಲಿ ಊರೂರಿಗೂ ಸಿಗುತ್ತಾರೆ; ತುಂಗಭದ್ರೆಯಿಂದ ಕೆರೆ ತುಂಬಿಸುವ ಯೋಜನೆ ಮತ್ತು ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ಮೇಲೆ ಅಲ್ಲಿಯವರು ಬಹಳ ಕಾಲ ಕಣ್ಣಿಟ್ಟು ಕಾದಿದ್ದಾರೆ. ನ್ಯಾಮತಿಯಲ್ಲಿ ಲಂಬಾಣಿಗರ ಸಂತ ಸೇವಾಲಾಲರ ಕ್ಷೇತ್ರವಾದ ಸೂರಗೊಂಡನಕೊಪ್ಪವಿದೆ, ಸುತ್ತ ಲಂಬಾಣಿ ತಾಂಡಾಗಳಿವೆ, ಅಲ್ಲಿಂದ ಕೂಲಿಗಾಗಿ ಗುಳೆ ಹೋಗುವ ಸಂಸಾರಗಳಿವೆ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದಲ್ಲಿ ಮಂಡ್ಯ ಸೀಮೆಯ ಒಂದು ನೀರಾವರಿ ಹಳ್ಳಿಯನ್ನೂ ಒಂದು ಒಣಬೇಸಾಯದ ಹಳ್ಳಿಯನ್ನೂ ಅಕ್ಕಪಕ್ಕ ಇಟ್ಟು ಅಧ್ಯಯನ ಮಾಡಿದರು. ನಾಲೆ ಬಂದ ಊರು ನೆಲಕ್ಕೆ ಅಂಟಿಕೊಂಡು ಹಳೆಯ ರೀತಿಯನ್ನೇ ಗಟ್ಟಿ ಮಾಡಿಕೊಂಡಿತು. ನೀರು ಸಿಗದ ಊರಿನವರು ಹೊರಗಿನ ಕೆಲಸ, ವ್ಯಾಪಾರಗಳಿಗೆ ಹೊರಟರು. ಚನ್ನಗಿರಿಯನ್ನೂ ಜಗಳೂರನ್ನೂ ಜೊತೆಗಿಟ್ಟು ಯೋಚಿಸುವಾಗ ಆ ಅಧ್ಯಯನ ಮತ್ತೆ ಮತ್ತೆ ನೆನಪಾಗುತ್ತದೆ.

ಈಗ ಅಂಕಿಗಳನ್ನು ನೋಡೋಣ. ಅದೇ ಸಮೀಕ್ಷೆಯ ಪ್ರಕಾರ 1992–93ರಲ್ಲಿ ಕರ್ನಾಟಕದ ಹೆಣ್ಣೊಬ್ಬಳಿಗೆ ಸರಾಸರಿ 2.9 ಮಕ್ಕಳಾಗುತ್ತಿದ್ದವು. 1998–99ರ ಹೊತ್ತಿಗೆ ಅದು 2.1ಕ್ಕೆ ಇಳಿಯಿತು, 2015–16ರಲ್ಲಿ 1.8 ಆಯಿತು, 2019–20ರಲ್ಲಿ 1.7. ಜನಸಂಖ್ಯೆ ಇದ್ದಷ್ಟೇ ಇರಬೇಕಾದರೆ 2.1 ಬೇಕು. ಅಂದರೆ ಈಗ ಇಪ್ಪತ್ತು ದಾಟಿರುವವರು ಎರಡು ಮಕ್ಕಳ ಮನೆಯೇ ಮಾಮೂಲಾದ ಕಾಲದಲ್ಲಿ ಬೆಳೆದ ಮೊದಲ ತಲೆಮಾರು. ಇವರ ಅಜ್ಜಿಯರು ಆರೇಳು ಹೆತ್ತವರು. ತಾಯಂದಿರು ಗೋಡೆಯ ಮೇಲೆ ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂದು ಓದಿ ಎರಡಕ್ಕೆ ನಿಲ್ಲಿಸಿದವರು. ಮಕ್ಕಳನ್ನು ಮಿತಗೊಳಿಸುವ ಮಾತು ಈ ನೆಲಕ್ಕೆ ಹೊಸದೂ ಅಲ್ಲ. ಜಗತ್ತಿನಲ್ಲೇ ಮೊದಲು ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಮಂಜೂರಾತಿ ಕೊಟ್ಟದ್ದು ಮೈಸೂರು ಸಂಸ್ಥಾನ, 1930ರಲ್ಲಿ. ಚನ್ನಗಿರಿ, ಹೊನ್ನಾಳಿ, ಜಗಳೂರು ಮೂರೂ ಆಗ ಆ ಸಂಸ್ಥಾನದಲ್ಲೇ ಇದ್ದವು. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಕೂಡಿ 1951–52ರಲ್ಲಿ ನಡೆಸಿದ ಹೆಸರಾಂತ ಜನಸಂಖ್ಯಾ ಅಧ್ಯಯನವೂ ಮೈಸೂರಿನದೇ.

ತಂದೆತಾಯಿಯ ಮನೆಯ ಗಾತ್ರಕ್ಕೂ ಮಕ್ಕಳ ಮನೆಯ ಗಾತ್ರಕ್ಕೂ ನಂಟಿದೆಯೇ ಎಂಬ ಪ್ರಶ್ನೆ ಹಳೆಯದು. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 1899ರಲ್ಲೇ ಅದನ್ನು ಅಳೆಯಲು ಹೊರಟಿದ್ದರು, ಆದರೆ ಅವರು ಹುಡುಕಿದ್ದು ರಕ್ತದ ಗುಣವನ್ನು. ರಕ್ತದಿಂದ ಪಾಲನೆಯ ಕಡೆಗೆ ಗಮನ ಹೊರಳಿದ್ದು ಬಹಳ ತಡವಾಗಿ. ಅಮೆರಿಕದ ಡೆಟ್ರಾಯಿಟ್ ಪ್ರದೇಶದಲ್ಲಿ 1961ರಲ್ಲಿ ಹೆತ್ತ ತಾಯಂದಿರನ್ನೂ ಅವರ ಆ ಮಕ್ಕಳನ್ನೂ ದಶಕಗಳ ಕಾಲ ಬೆನ್ನುಹತ್ತಿದ ಅಧ್ಯಯನವೊಂದಿದೆ. ಅದನ್ನು ಆಧರಿಸಿ ಆಕ್ಸಿನ್, ಕ್ಲಾರ್ಕ್‌ಬರ್ಗ್, ಥಾರ್ನ್‌ಟನ್ ಎಂಬ ಸಮಾಜಶಾಸ್ತ್ರಜ್ಞರು 1994ರಲ್ಲಿ ಬರೆದರು: ತಾಯಿಗೆ ಎಷ್ಟು ಮಕ್ಕಳಿದ್ದರು ಎಂಬುದಷ್ಟೇ ಅಲ್ಲ, ತನ್ನ ಮಗನಿಗೋ ಮಗಳಿಗೋ ಎಷ್ಟು ಮಕ್ಕಳಾಗಲಿ ಎಂದು ಅವಳು ಬಯಸುತ್ತಾಳೆ ಎಂಬುದೂ ಆ ಮಗ, ಮಗಳ ಆಸೆಯಲ್ಲಿ ಕಾಣುತ್ತದೆ. ಫರ್ನಾಂಡಿಸ್ ಮತ್ತು ಫೋಲಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ವಲಸೆ ಬಂದವರಿಗೆ ಅಮೆರಿಕದಲ್ಲೇ ಹುಟ್ಟಿದ ಹೆಣ್ಣುಮಕ್ಕಳ ವಿಷಯ ನೋಡಿದರು. ಒಂದೇ ದೇಶದಲ್ಲಿ, ಒಂದೇ ಕಾನೂನು, ಒಂದೇ ಸಂತೆಯ ನಡುವೆ ಬೆಳೆದರೂ ತಂದೆತಾಯಿ ಯಾವ ನಾಡಿನಿಂದ ಬಂದವರು, ಮನೆಯಲ್ಲಿ ಎಷ್ಟು ಜನ ಒಡಹುಟ್ಟಿದವರಿದ್ದರು ಎಂಬ ಎರಡೂ ಸಂಗತಿಗಳು ಅವರ ಮಕ್ಕಳ ಸಂಖ್ಯೆಯಲ್ಲಿ ಉಳಿದುಕೊಂಡಿದ್ದವು.

ನಮಗೆ ಇವೆಲ್ಲಕ್ಕಿಂತ ಹತ್ತಿರದ್ದು ಜನಸಂಖ್ಯಾಶಾಸ್ತ್ರಜ್ಞರಾದ ಜಾನ್ ಕಾಲ್ಡ್‌ವೆಲ್, ಪ್ಯಾಟ್ ಕಾಲ್ಡ್‌ವೆಲ್ ಮತ್ತು ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಪಿ.ಎಚ್. ರೆಡ್ಡಿಯವರ ಕೆಲಸ. 1979ರಿಂದ ಕೆಲವು ವರ್ಷ ಅವರು ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಮನೆಮನೆಯ ಜಗಲಿಯ ಮೇಲೆ ಕೂತು ಕೇಳಿದರು. ಮಕ್ಕಳು ದನ ಕಾಯುವುದು ನಿಂತು ಶಾಲೆಗೆ ಹೊರಟ ಮೇಲೆ ಮನೆಯ ದುಡ್ಡಿನ ದಿಕ್ಕು ಬದಲಾಯಿತು, ಮಕ್ಕಳಿಂದ ಹಿರಿಯರಿಗೆ ಬರುತ್ತಿದ್ದದ್ದು ಹಿರಿಯರಿಂದ ಮಕ್ಕಳಿಗೆ ಹೋಗತೊಡಗಿತು. ಮಕ್ಕಳ ವಿಚಾರ ಅತ್ತೆಮಾವನ ಕೈಯಿಂದ ಗಂಡಹೆಂಡಿರ ಕೈಗೆ ನಿಧಾನವಾಗಿ ಜಾರುತ್ತಿರುವುದನ್ನೂ ಅವರು ಗುರುತಿಸಿದರು. 1988ರಲ್ಲಿ ಇದು ಪುಸ್ತಕವಾಗಿ ಬಂತು. ಅವರು ಕಂಡ ಮನೆಗಳಂಥವೇ ಮನೆಗಳಲ್ಲಿ ಆಗ ಶಾಲೆಗೆ ಹೋಗುತ್ತಿದ್ದ ಮಕ್ಕಳೇ ಇಂದಿನ ಹರೆಯದವರ ಅಪ್ಪ ಅಮ್ಮಂದಿರು.

ಇಷ್ಟನ್ನು ಹೇಳಿದರೂ ಈ ವಿದ್ವಾಂಸರ ಬರಹಗಳಲ್ಲಿ ನನಗೆ ಸಿಗದ ಒಂದು ಸಂಗತಿ ನಮ್ಮ ಕಡೆಯ ಪ್ರತಿ ಮನೆಯಲ್ಲೂ ಇದೆ. ಅದು ಚೊಚ್ಚಲ ಬಾಣಂತನ. ಡೆಟ್ರಾಯಿಟ್‌ನಲ್ಲಿ ಹುಡುಗಿಯೊಬ್ಬಳು ಕೂಸನ್ನು ನೋಡುವುದು ತನ್ನ ತಂಗಿಯನ್ನೋ ತಮ್ಮನನ್ನೋ ತಾಯಿ ಹೆತ್ತಾಗ. ಇಲ್ಲಿ ಎರಡೇ ಮಕ್ಕಳ ಮನೆಯಲ್ಲಿ ಬೆಳೆದ ಹುಡುಗಿಯೂ ಅಕ್ಕನ, ಚಿಕ್ಕಮ್ಮನ, ದೊಡ್ಡಪ್ಪನ ಮಗಳ ಬಾಣಂತನವನ್ನು ತನ್ನ ಮನೆಯಲ್ಲೇ, ತಿಂಗಳುಗಟ್ಟಲೆ, ಕೈಹಚ್ಚಿ ನೋಡಿರುತ್ತಾಳೆ. ಮಕ್ಕಳ ಬಗೆಗಿನ ಅವಳ ಮೊದಲ ಪಾಠ ಅದು.

ಏಳನೇ ತಿಂಗಳಲ್ಲೋ ಒಂಬತ್ತರಲ್ಲೋ ಕುಬುಸ ಮಾಡುತ್ತಾರೆ. ತವರಿನವರು ಸೀರೆ, ಬಳೆ, ಬುತ್ತಿ ಕಟ್ಟಿಕೊಂಡು ಬೀಗರ ಮನೆಗೆ ಹೋಗಿ ಮಗಳನ್ನು ಕರೆತರುತ್ತಾರೆ. ಅಲ್ಲಿಂದ ಖರ್ಚು ತವರಿನದು: ಸ್ಕ್ಯಾನಿಂಗು, ಆಸ್ಪತ್ರೆ, ಸಿಸೇರಿಯನ್ ಆದರೆ ಅದು, ಅಂಟಿನುಂಡೆಗೆ ಕೊಬ್ಬರಿ ತುಪ್ಪ, ಕೂಸಿಗೆ ಬೆಳ್ಳಿಯ ಉಡುದಾರ, ಕೊನೆಗೆ ತೊಟ್ಟಿಲು. ಮನೆಯ ಹಿಂದಿನ ಕೋಣೆಯೊಂದಕ್ಕೆ ಬೆಳಕು ಬಾರದಂತೆ ಸೀರೆ ಇಳಿಬಿಡುತ್ತಾರೆ. ಒಳಗೆ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಲೋಬಾನದ ಹೊಗೆ, ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿಕೊಂಡ ಅಕ್ಕ. ಬೆಳಿಗ್ಗೆ ಅಜ್ಜಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ನೀರು ಹಾಕುತ್ತಾಳೆ. ಹಂಡೆಗೆ ಸೌದೆ ಒಟ್ಟುವವಳು, ಬಿಸಿನೀರು ತೋಡಿ ಕೊಡುವವಳು, ಕೂಸಿನ ಬಟ್ಟೆ ಒಗೆಯುವವಳು, ರಾತ್ರಿ ಅಕ್ಕನ ಕಣ್ಣು ಹತ್ತಲೆಂದು ಕೂಸನ್ನು ಎತ್ತಿಕೊಂಡು ಪಡಸಾಲೆಯಲ್ಲಿ ಓಡಾಡುವವಳು ಪಿಯುಸಿ ಓದುವ ತಂಗಿ. ಹೊಲಿಗೆ ಎಳೆಯುವ ನೋವಿಗೆ ಅಕ್ಕ ಹಲ್ಲು ಕಚ್ಚುವುದನ್ನು ಅವಳು ನೋಡುತ್ತಾಳೆ. ಹಾಲು ಕಟ್ಟಿಕೊಂಡು ಜ್ವರ ಬಂದದ್ದನ್ನು ನೋಡುತ್ತಾಳೆ. ಕೂಸು ಮೊದಲ ಸಲ ತನ್ನನ್ನೇ ನೋಡಿ ನಕ್ಕಿದ್ದನ್ನೂ ನೋಡುತ್ತಾಳೆ. ಅಪ್ಪ ಸೊಸೈಟಿಯಲ್ಲಿ ಮಾಡಿದ ಸಾಲದ ಲೆಕ್ಕವನ್ನು ಅಮ್ಮನಿಗೆ ಮೆಲ್ಲಗೆ ಹೇಳುವುದು ಅವಳ ಕಿವಿಗೆ ಬೀಳದೆ ಇರುವುದಿಲ್ಲ.

ಅದೇ ಮನೆಯ ತಮ್ಮ ಬಾಣಂತನದ ಐದು ತಿಂಗಳೂ ಆ ಕೋಣೆಯ ಬಾಗಿಲಾಚೆ ಇರುತ್ತಾನೆ. ಗ್ರೈಪ್ ವಾಟರ್ ತರಲು, ಅಕ್ಕನನ್ನು ಇಂಜೆಕ್ಷನ್ನಿಗೆ ಬೈಕಿನಲ್ಲಿ ಕರೆದೊಯ್ಯಲು ಅವನನ್ನು ಕರೆಯುತ್ತಾರೆ. ಒಳಗೆ ಬಾ ಎನ್ನುವುದಿಲ್ಲ. ಇನ್ನು ಕೂಸಿನ ಅಪ್ಪ. ಅವನು ಭಾನುವಾರ ಹಣ್ಣು ಹಿಡಿದುಕೊಂಡು ಬಂದು ಪಡಸಾಲೆಯ ಕುರ್ಚಿಯಲ್ಲಿ ಕೂತರೆ ಕೂಸನ್ನು ಒರೆಸಿ, ಪೌಡರು ಹಾಕಿ, ಹೊಸ ಬಟ್ಟೆ ತೊಡಿಸಿ ತಂದು ತೊಡೆಯ ಮೇಲೆ ಇಡುತ್ತಾರೆ. ಅವನ ಮನೆಗೆ ಆ ಕೂಸು ಬರುವುದು ಕತ್ತು ನಿಂತ ಮೇಲೆ, ತೊಟ್ಟಿಲಿನ ಜೊತೆ, ಊಟದ ಜೊತೆ. ತಂದೆಯಾದ ಮೊದಲ ತಿಂಗಳುಗಳು ಹೀಗೆ ಅವನ ಕೈಗೆ ಸಿಗದೆ ಹೋಗುತ್ತವೆ. ಅದು ಅವನೊಬ್ಬನ ತಪ್ಪಲ್ಲ, ಪದ್ಧತಿ ಅವನಿಗೆ ಜಾಗವನ್ನೇ ಇಟ್ಟಿಲ್ಲ. ಆದ್ದರಿಂದ ‘ಮದುವೆಯಾದ ವರ್ಷಕ್ಕೇ ಒಂದು ಮಗು ಆಗಲಿ’ ಎಂದು ಹುಡುಗ ಸಲೀಸಾಗಿ ಹೇಳುವುದಕ್ಕೂ ‘ಮೂರು ವರ್ಷ ಹೋಗಲಿ’ ಎಂದು ಹುಡುಗಿ ತಡೆಯುವುದಕ್ಕೂ ಸ್ವಭಾವವನ್ನು ಹೊಣೆ ಮಾಡುವುದು ಸರಿಯಲ್ಲ. ಇಬ್ಬರೂ ಬೆಳೆದ ಮನೆ ಒಂದೇ ಬಗೆಯದಾದರೂ ಒಬ್ಬಳು ಕೋಣೆಯ ಒಳಗಿದ್ದಳು, ಇನ್ನೊಬ್ಬ ಹೊರಗಿದ್ದ.

ಬಾಣಂತನ ಹುಡುಗಿಯರನ್ನು ಹೆದರಿಸಿಬಿಡುತ್ತದೆ ಎಂದು ಇದರರ್ಥವಲ್ಲ. ತಾಯಿ ಗಟ್ಟಿಯಾಗಿರುವ, ಅಜ್ಜಿ ಇರುವ, ಎರಡು ಹೊತ್ತು ಬಿಸಿನೀರಿಗೆ ಸೌದೆ ಇರುವ ಮನೆಯಲ್ಲಿ ಅಕ್ಕನ ಬಾಣಂತನ ನೋಡಿದವಳಿಗೆ ಹೆರಿಗೆ ಎಂದರೆ ಹತ್ತು ಕೈಗಳ ಆಸರೆ. ಅಂಥ ಹುಡುಗಿ ಮಕ್ಕಳೆಂದರೆ ಮುಖ ಅರಳಿಸುತ್ತಾಳೆ. ತಾಯಿ ಇಲ್ಲದ ಮನೆಯಲ್ಲಿ, ಅಥವಾ ತಾಯಿ ದಿನಗೂಲಿಗೆ ಹೋಗಲೇಬೇಕಾದ ಮನೆಯಲ್ಲಿ ಬಾಣಂತನ ಹದಿನೈದು ದಿನಕ್ಕೆ ಮೊಟಕಾಗುತ್ತದೆ. ಹಸಿ ಮೈಯಲ್ಲೇ ಅಕ್ಕ ಎದ್ದು ರೊಟ್ಟಿ ತಟ್ಟುವುದನ್ನು ನೋಡಿದವಳು ‘ಒಂದು ಸಾಕು’ ಎನ್ನುತ್ತಾಳೆ. ಹೆಣ್ಣುಮಕ್ಕಳ ಆಸೆಯನ್ನು ಹಿಗ್ಗಿಸುವುದೂ ಕುಗ್ಗಿಸುವುದೂ ಕೂಸಲ್ಲ, ಕೂಸಿನ ಸುತ್ತ ಎಷ್ಟು ಜನ ಇದ್ದರು ಎಂಬುದು. ಈ ಇಡೀ ಪ್ರಶ್ನೆಯಲ್ಲಿ ನನಗೆ ಅತ್ಯಂತ ಖಚಿತವಾಗಿ ಕಾಣುವ ಸಂಗತಿ ಇದು.

ಇದರ ಇನ್ನೊಂದು ಮುಖ ಹಿರಿಮಗಳದ್ದು. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಚನ್ನಗಿರಿ ಕಡೆ ಫಸಲನ್ನು ಗುತ್ತಿಗೆಗೆ ಹಿಡಿಯುವ ಖೇಣಿದಾರರ ಮನೆಯಂಗಳದಲ್ಲಿ ರಾತ್ರಿಯೂ ಬಲ್ಬು ಹಾಕಿ ಅಡಿಕೆ ಸುಲಿಯುತ್ತಾರೆ. ಸುಲಿದಷ್ಟಕ್ಕೆ ಕೂಲಿ. ಕೈತುಂಬ ಕೆಲಸವಿರುವ ಆ ದಿನಗಳಲ್ಲಿ ತಾಯಿ ಸುಲಿಯಲು ಕೂತರೆ ಮನೆಯಲ್ಲಿ ಜೋಲಿಯ ಹಗ್ಗ ಎಳೆಯುವುದು ಹಿರಿಮಗಳು. ಯಂತ್ರಗಳು ಬಂದು ಈ ಕೆಲಸ ಕಡಿಮೆಯಾಗಿದೆ, ಮಕ್ಕಳ ಸಂಖ್ಯೆಯೂ ಇಳಿದಿದೆ. ಆದರೂ ಮೂರು ಹೆಣ್ಣಿನ ಮೇಲೊಂದು ಗಂಡು ಎಂಬಂಥ ಮನೆಗಳು ಇನ್ನೂ ಇವೆ. ಅಲ್ಲಿ ಹಿರಿಮಗಳು ಹದಿನೈದು ತುಂಬುವ ಹೊತ್ತಿಗೆ ಮಕ್ಕಳನ್ನು ಬೆಳೆಸಿ ಮುಗಿಸಿದಂತಾಗಿರುತ್ತಾಳೆ. ಶಾಲೆ ತಪ್ಪಿಸಿಕೊಂಡದ್ದೂ ಅವಳೇ. ತಾನು ಸಾಕಿದ ತಮ್ಮನ ಮೇಲೆ ಅವಳಿಗಿರುವ ಮಮತೆ ಅಪಾರ. ಮತ್ತೆ ಮೊದಲಿನಿಂದ ಆ ಕೆಲಸಕ್ಕೆ ಕೈಹಾಕುವ ಉತ್ಸಾಹ ಇಲ್ಲದಿರುವುದೂ ಅಷ್ಟೇ ನಿಜ. ಅವಳನ್ನು ಸ್ವಾರ್ಥಿ ಎನ್ನುವವರು ಅವಳ ಬಾಲ್ಯವನ್ನು ಒಮ್ಮೆ ಲೆಕ್ಕ ಹಾಕಲಿ.

ಗಂಡಿಗಾಗಿ ಕಾದ ಮನೆಯಲ್ಲಿ ಬೆಳೆಯುವುದು ಇನ್ನೂ ಕಠಿಣ. ‘ಒಂದು ಗಂಡಾಗ್ಲಿ, ಆಮ್ಯಾಲೆ ಆಪ್ರೇಷನ್ ಮಾಡಿಸ್ಕೆಂಡ್ರಾತು’ ಎಂಬ ಮಾತನ್ನು ದೊಡ್ಡವರು ಮಕ್ಕಳ ಎದುರಿಗೇ ಆಡುತ್ತಾರೆ. ಎರಡನೆಯ, ಮೂರನೆಯ ಮಗಳು ಅದನ್ನು ಕೇಳಿಸಿಕೊಂಡೇ ಬೆಳೆಯುತ್ತಾಳೆ. ತನ್ನನ್ನು ಯಾರೂ ಬಯಸಿ ಕರೆಯಲಿಲ್ಲ ಎಂಬುದು ಅವಳಿಗೆ ಯಾರೂ ಹೇಳಿಕೊಡದೆ ತಿಳಿಯುತ್ತದೆ. ಇಂಥ ಹುಡುಗಿಯರು ದೊಡ್ಡವರಾದ ಮೇಲೆ ಎರಡು ದಾರಿ ಹಿಡಿಯುವುದುಂಟು. ಹೆಣ್ಣೊಂದೇ ಸಾಕು, ಅವಳನ್ನು ರಾಣಿಯಂತೆ ಬೆಳೆಸುತ್ತೇನೆ ಎನ್ನುವವರು ಕೆಲವರು. ಬೇಗ ಒಂದು ಗಂಡು ಆಗಿಬಿಡಲಿ, ಈ ಬಾಯಿಗಳು ಮುಚ್ಚಲಿ ಎನ್ನುವವರು ಬಹಳ ಜನ. ಎರಡನೆಯದು ಕೂಡ ಆಸೆಯಂತೆಯೇ ಕೇಳಿಸುತ್ತದೆ, ಸಮೀಕ್ಷೆಯ ಹಾಳೆಯಲ್ಲಿ ಆಸೆಯೆಂದೇ ದಾಖಲಾಗುತ್ತದೆ. ಒಳಗಿರುವುದು ಅಂಜಿಕೆ. ಸರ್ಕಾರ 2006–07ರಲ್ಲಿ ಭಾಗ್ಯಲಕ್ಷ್ಮಿ ಯೋಜನೆ ತಂದು, ಬಡ ಮನೆಯ ಇಬ್ಬರು ಹೆಣ್ಣುಮಕ್ಕಳ ಹೆಸರಿಗೆ ಬಾಂಡು ಕೊಟ್ಟಿತು. ಹದಿನೆಂಟು ತುಂಬುವ ಮೊದಲು ಮದುವೆ ಮಾಡಬಾರದೆಂಬ ಷರತ್ತೂ ಇತ್ತು. ಆಗ ಹುಟ್ಟಿದವರಿಗೆ ಈಗ ಹದಿನೆಂಟು ದಾಟಿದೆ. ತನ್ನ ಹೆಸರಿನ ಕಾಗದವೊಂದು ಬೀರುವಿನಲ್ಲಿದೆ ಎಂದು ತಿಳಿದು ಬೆಳೆದ ಮೊದಲ ಹುಡುಗಿಯರು ಇವರು, ಅವರ ಮಾತನ್ನು ಯಾರಾದರೂ ಕೂತು ಕೇಳಬೇಕು.

ಮಕ್ಕಳಾಗದ ಅತ್ತೆಯೋ ಚಿಕ್ಕಮ್ಮನೋ ಇದ್ದ ಮನೆಯ ಪಾಠವೂ ಇದೇ ಜಾತಿಯದು. ಕುಬುಸದ ದಿನ ಅವಳು ಅಡುಗೆಮನೆಯಲ್ಲೇ ಉಳಿಯುತ್ತಾಳೆ, ಉಡಿ ತುಂಬಲು ಅವಳನ್ನು ಕರೆಯುವುದಿಲ್ಲ, ಕೂಸನ್ನು ಮೊದಲು ಅವಳ ಕೈಗೆ ಕೊಡುವುದಿಲ್ಲ. ಇದನ್ನು ಕಂಡ ಹುಡುಗಿಗೆ ಮಗು ಬೇಕೆನ್ನಿಸುವುದರಲ್ಲಿ ಮಗುವಿನ ಪಾಲೆಷ್ಟು, ಮನೆಯಲ್ಲಿ ತನ್ನ ಸ್ಥಾನದ ಪಾಲೆಷ್ಟು? ಮದುವೆಯಾಗಿ ಮೂರು ತಿಂಗಳಿಗೆ ‘ಏನವ್ವಾ, ಏನಾರ ವಿಶೇಷ ಐತೇನು?’ ಎಂದು ಕೇಳುವವರು ಈ ಗಾಯವನ್ನೇ ಕೆದಕುತ್ತಾರೆ.

ದುಡ್ಡಿನ ಮಾತಿಗೆ ಬರೋಣ. ರಿಚರ್ಡ್ ಈಸ್ಟರ್ಲಿನ್ ಎಂಬ ಅರ್ಥಶಾಸ್ತ್ರಜ್ಞನ ವಾದ ಇಲ್ಲಿ ಬಹಳ ಉಪಯುಕ್ತ. ಯುವಕರು ತಮ್ಮ ಸಂಪಾದನೆಯನ್ನು ಅಳೆಯುವುದು ಹರೆಯದಲ್ಲಿ ಅಪ್ಪನ ಮನೆಯಲ್ಲಿ ರೂಢಿಯಾದ ಬದುಕಿನ ಮಟ್ಟಕ್ಕೆ ಹೋಲಿಸಿ; ಆ ಮಟ್ಟ ಮುಟ್ಟುವ ಭರವಸೆ ಇದ್ದರೆ ಮದುವೆ, ಮಕ್ಕಳಿಗೆ ಧೈರ್ಯ ಮಾಡುತ್ತಾರೆ, ಇಲ್ಲದಿದ್ದರೆ ಮುಂದೂಡುತ್ತಾರೆ ಎಂದು ಆತ ಹೇಳಿದ. ಚನ್ನಗಿರಿಯ ತೋಟದ ಮನೆಯ ಹುಡುಗನನ್ನು ನೋಡಿ. ಅಡಿಕೆಗೆ ಬೆಲೆ ಬಂದ ವರ್ಷಗಳಲ್ಲಿ ಬೆಳೆದವನು, ಆರ್‌ಸಿಸಿ ಮನೆ, ಕಾರು, ಇಂಗ್ಲಿಷ್ ಮಾಧ್ಯಮದ ಶಾಲೆಯ ಬಸ್ಸು ಕಂಡವನು. ತೋಟ ಇಬ್ಬರು ಅಣ್ಣತಮ್ಮಂದಿರಿಗೆ ಪಾಲಾದರೆ ತಾನು ಬೆಳೆದ ಮಟ್ಟದಲ್ಲಿ ಎರಡು ಮಕ್ಕಳನ್ನು ಬೆಳೆಸಲಾರೆ ಎಂಬ ಲೆಕ್ಕ ಅವನಿಗೆ ಗೊತ್ತು. ಒಂದು ಮಗು ಸಾಕೆನ್ನುವವರು ಉಳ್ಳವರ ಮನೆಗಳಲ್ಲೇ ಮೊದಲು ಕಾಣಿಸಿಕೊಳ್ಳುವುದು ಇದರಿಂದ. ಅಲಕಾ ಬಸು ಮತ್ತು ಸೊನಾಲ್ಡೆ ದೇಸಾಯಿ ಎಂಬ ಸಂಶೋಧಕಿಯರು ಭಾರತದ ಒಂದೇ ಮಗುವಿನ ಕುಟುಂಬಗಳ ಬಗ್ಗೆ ಬರೆದಾಗ ಕಂಡದ್ದೂ ಇದನ್ನೇ: ಅಪ್ಪ ಅಮ್ಮ ತಮ್ಮ ಸುಖಕ್ಕಾಗಿ ಒಂದಕ್ಕೆ ನಿಲ್ಲಿಸುತ್ತಿಲ್ಲ, ಆ ಒಂದರ ಓದಿಗೆ ಇರುವುದೆಲ್ಲವನ್ನೂ ಸುರಿಯಲು ನಿಲ್ಲಿಸುತ್ತಿದ್ದಾರೆ.

ಜಗಳೂರಿನ ಲೆಕ್ಕ ಬೇರೆ. ಮಳೆ ಕೈಕೊಟ್ಟ ವರ್ಷ ಅಪ್ಪ ಬೆಂಗಳೂರಿಗೆ ಗಾರೆ ಕೆಲಸಕ್ಕೆ, ಅಮ್ಮ ಕಾಫಿ ಸೀಮೆಗೆ. ಮಕ್ಕಳು ಅಜ್ಜಿಯ ಹತ್ತಿರ, ಇಲ್ಲವೇ ವಸತಿ ಶಾಲೆಯಲ್ಲಿ. ನ್ಯಾಮತಿಯ ತಾಂಡಾಗಳಲ್ಲೂ ಇದೇ ಕತೆ. ಹೀಗೆ ಬೆಳೆದವರಲ್ಲಿ ನಾನು ಗಮನಿಸಿದ ಒಂದು ಗುಣ ಎಂದರೆ, ಮಕ್ಕಳ ಸಂಖ್ಯೆಗಿಂತ ‘ಮಕ್ಕಳ ಜೊತೆಗಿರುವುದು’ ಅವರಿಗೆ ದೊಡ್ಡದು. ಆರನೇ ತರಗತಿಯಿಂದ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿದ್ದು, ತಿಂಗಳಿಗೊಮ್ಮೆ ಬರುವ ಅಪ್ಪನಿಗಾಗಿ ಗೇಟಿನ ಬಳಿ ಕಾದವನು ‘ನನ್ನ ಮಕ್ಕಳನ್ನು ಹಾಸ್ಟೆಲಿಗೆ ಹಾಕಲ್ಲ’ ಎನ್ನುತ್ತಾನೆ. ಆ ವಸತಿ ಶಾಲೆ ಅವನಿಗೆ ಅನ್ನ, ಅಕ್ಷರ ಎರಡನ್ನೂ ಕೊಟ್ಟಿದೆ, ಅದನ್ನೂ ಅವನು ಮರೆತಿಲ್ಲ. ಜೊತೆಗಿರಬೇಕಾದರೆ ಊರಲ್ಲೇ ಕೆಲಸ ಬೇಕು, ಕೆಲಸಕ್ಕೆ ನೀರು ಬೇಕು. ಭದ್ರಾ ಮೇಲ್ದಂಡೆಯ ಕಾಲುವೆಗೂ ಈ ಹುಡುಗ ತಂದೆಯಾಗುವ ಆಸೆಗೂ ನಡುವೆ ಇರುವ ನಂಟು ನೀರಾವರಿ ಇಲಾಖೆಯ ಯಾವ ವರದಿಯಲ್ಲೂ ಬರುವುದಿಲ್ಲ.

ಹುಡುಗರ ವಿಷಯದಲ್ಲಿ ಮತ್ತೊಂದು ಮಾತು. ಹೆಣ್ಣು ಸಿಗದೆ, ಸಿಕ್ಕರೂ ರೈತನೆಂದು ಒಪ್ಪದೆ, ಮೂವತ್ತು ದಾಟಿದವರು ಹಳ್ಳಿಗಳಲ್ಲಿ ಹೆಚ್ಚಿದ್ದಾರೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ನೆನಪಿರಬಹುದು. ಇದನ್ನು ಹುಡುಗಿಯರ ದುರಾಸೆ ಎಂದು ಬೈಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಮ್ಮ ಕೊಟ್ಟಿಗೆ, ಹೊಲ, ಒಲೆ, ಕೂಸು ನಾಲ್ಕನ್ನೂ ಒಬ್ಬಳೇ ಹೊತ್ತದ್ದನ್ನು ಕಂಡ ಮಗಳು ಆ ಬದುಕು ಬೇಡವೆಂದರೆ ಅದು ಅವಳು ತನ್ನ ಮನೆಯಲ್ಲೇ ಕಲಿತ ವಿವೇಕ. ಎಷ್ಟೋ ತಾಯಂದಿರು ‘ನನ್ನಂಗೆ ನೀನಾಗಬ್ಯಾಡ’ ಎಂದು ಹೇಳಿಯೇ ಮಗಳನ್ನು ಕಾಲೇಜಿಗೆ ಕಳಿಸಿರುತ್ತಾರೆ. ಮಗನಿಗೆ ಆ ಮಾತನ್ನು ಯಾರೂ ಹೇಳಿರುವುದಿಲ್ಲ.

ಮನೆಯ ಪಾಲನೆಗೆ ಇಷ್ಟೆಲ್ಲ ಬಲ ಕೊಡುವುದು ಅತಿಯಾಯಿತು, ಇವತ್ತಿನ ಹುಡುಗರನ್ನು ರೂಪಿಸುತ್ತಿರುವುದು ಮೊಬೈಲು, ಕೋಚಿಂಗು, ಕೆಲಸವಿಲ್ಲದ ಪರಿಸ್ಥಿತಿ ಎನ್ನಬಹುದು. ಅದರಲ್ಲಿ ಹುರುಳಿದೆ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2025ರ ವರದಿಗಾಗಿ ಭಾರತವೂ ಸೇರಿ 14 ದೇಶಗಳಲ್ಲಿ ವಿಚಾರಿಸಿದಾಗ, ಬಯಸಿದಷ್ಟು ಮಕ್ಕಳನ್ನು ಪಡೆಯಲು ಹಣದ ಅಡಚಣೆಯೇ ಅಡ್ಡ ಎಂದವರು ನೂರಕ್ಕೆ 39 ಮಂದಿ. ಮಕ್ಕಳ ಸಂಖ್ಯೆಯನ್ನು ಕೊನೆಗೆ ಕತ್ತರಿಸುವುದು ಸಂತೆ, ಶಾಲೆಯ ಫೀಸು, ಆಸ್ಪತ್ರೆಯ ಬಿಲ್ಲು ಎಂದು ಒಪ್ಪುತ್ತೇನೆ. ಆದರೆ ಒಂದೇ ಫೀಸು, ಒಂದೇ ಬಿಲ್ಲಿನ ಮುಂದೆ ಒಬ್ಬಳು ‘ಹೇಗೋ ಆಗುತ್ತದೆ’ ಎಂದು ಧೈರ್ಯ ತಾಳುವುದು, ಇನ್ನೊಬ್ಬಳು ಹಿಂಜರಿಯುವುದು ಯಾಕೆ ಎಂಬುದಕ್ಕೆ ಉತ್ತರ ಅವಳು ಬೆಳೆದ ಮನೆಯಲ್ಲೇ ಇದೆ. ದಕ್ಷಿಣದವರು ಹೆಚ್ಚು ಮಕ್ಕಳನ್ನು ಹೆರಬೇಕೆಂದು 2024ರಲ್ಲಿ ಆಂಧ್ರದ, ತಮಿಳುನಾಡಿನ ಮುಖ್ಯಮಂತ್ರಿಗಳು ಹೇಳಿದರು. ಜನಸಂಖ್ಯೆ ಕುಗ್ಗಿದರೆ ಲೋಕಸಭೆಯ ಸೀಟುಗಳು ಕಡಿಮೆಯಾದಾವೆಂಬ ಆತಂಕವೂ ಇದರ ಹಿಂದಿತ್ತು, ಅದು ಸುಳ್ಳು ಆತಂಕವಲ್ಲ. ಆದರೂ ಸೀಟಿನ ಲೆಕ್ಕಕ್ಕಾಗಿ ಯಾವ ಹೆಣ್ಣೂ ಹೆರುವುದಿಲ್ಲ.

ಇನ್ನೂ ಒಂದು ಸಂಗತಿ ಇಲ್ಲಿ ಹೇಳಲೇಬೇಕು. 2019–20ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಪಾಲು ಲೆಕ್ಕಕ್ಕೇ ಸಿಗದಷ್ಟು. 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಐವರಿಗೆ ಒಬ್ಬಳಂತೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿದ್ದಳು. ಎರಡನ್ನೂ ಜೋಡಿಸಿ ಓದಿ: ಬೇಗ ಮದುವೆ, ಬೆನ್ನಿಗೆ ಎರಡು ಹೆರಿಗೆ, ಇಪ್ಪತ್ತೈದರ ಆಸುಪಾಸಿಗೆ ಆಪರೇಷನ್. ಮಕ್ಕಳು ಬೇಕೆ, ಎಷ್ಟು, ಯಾವಾಗ ಎಂದು ಆ ಹೆಣ್ಣನ್ನು ಒಂದು ಸಲವಾದರೂ ಕೇಳಿದವರು ಯಾರು? ಎರಡನೆಯ ಹೆರಿಗೆಯ ಮಂಚದ ಮೇಲೆ ಒಪ್ಪಿಗೆಯ ಹಾಳೆಗೆ ಸಹಿ ಹಾಕಿಸುವಾಗ ಕೇಳುವುದು ಕೇಳಿದಂತಲ್ಲ. ಆಸೆ ಎಂಬುದು ಅವಳಲ್ಲಿ ಬೆಳೆದಿತ್ತು, ಅದಕ್ಕೆ ಮಾತಾಗುವ ಅವಕಾಶ ಸಿಗುವ ಮೊದಲೇ ತೀರ್ಮಾನ ಮುಗಿದಿತ್ತು. ಅವಳ ಮಗಳು ಈಗ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಳೆ. ಅಮ್ಮನಿಗೆ ಯಾರೂ ಕೇಳದ ಪ್ರಶ್ನೆಯನ್ನು ಅವಳಿಗಾದರೂ ಕೇಳಬೇಕು.

ಕೇಳುವ ಜಾಗಗಳು ಇಲ್ಲವೆಂದಲ್ಲ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್‌ಗಳಿವೆ. ಅಲ್ಲಿಗೆ ಹುಡುಗರನ್ನೂ ಕರೆಯಬೇಕು, ರಕ್ತಹೀನತೆಯ ಮಾತ್ರೆಯ ಜೊತೆ ಈ ಮಾತನ್ನೂ ಆಡಬೇಕು. ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ 2023ರಲ್ಲಿ ಪಂಚಾಯಿತಿ ಮಟ್ಟದಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆಯಲು ಶುರು ಮಾಡಿದರು. ಅವು ಬಾಗಿಲು ತೆರೆದು, ಹಾಲು ಆಟಿಕೆ ಇಟ್ಟು, ನಿಜವಾಗಿ ನಡೆದರೆ ಜೋಲಿಯ ಹಗ್ಗ ಹಿರಿಮಗಳ ಕೈಯಿಂದ ಬಿಡುತ್ತದೆ, ಅವಳು ಶಾಲೆಗೆ ಹೋಗುತ್ತಾಳೆ. ದಾವಣಗೆರೆ ವಿಶ್ವವಿದ್ಯಾಲಯದ ಸಮಾಜಶಾಸ್ತ್ರದ ವಿದ್ಯಾರ್ಥಿಗಳು ತಮ್ಮದೇ ಮನೆಗಳಿಂದ ಈ ವಿಷಯದ ಕ್ಷೇತ್ರಕಾರ್ಯ ಶುರು ಮಾಡಬಹುದು.

ಆದರೆ ನನ್ನ ಮುಖ್ಯ ಕೋರಿಕೆ ಮನೆಯವರಿಗೇ. ಮುಂದಿನ ಸಲ ಮಗಳು ಬಾಣಂತನಕ್ಕೆ ಬಂದಾಗ ಮಗನನ್ನು ಆ ಕೋಣೆಯೊಳಗೆ ಕರೆಯಿರಿ. ಹಂಡೆಗೆ ಉರಿ ಹಾಕುವುದು, ಕೂಸಿನ ಬಟ್ಟೆ ಒಗೆಯುವುದು, ನಡುರಾತ್ರಿ ಎತ್ತಿಕೊಂಡು ಓಡಾಡುವುದು ಅವನಿಗೂ ಬರಲಿ. ಅಳಿಯ ಭಾನುವಾರ ಬಂದರೆ ಕುರ್ಚಿ ಹಾಕಿ ಕೂರಿಸಬೇಡಿ, ನಾಲ್ಕು ದಿನ ಉಳಿಸಿಕೊಂಡು ಕೂಸನ್ನು ಅವನ ಕೈಗೆ ಕೊಡಿ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಲು ಬಂದಾಗ ಸಂಬಳ, ಜಮೀನಿನ ವಿಚಾರ ಮುಗಿದ ಮೇಲೆ ಇಬ್ಬರನ್ನೂ ಅರ್ಧ ಗಂಟೆ ಮಾತಾಡಲು ಬಿಡಿ, ಮಕ್ಕಳ ವಿಷಯವನ್ನೂ ಮಾತಾಡಿಕೊಳ್ಳಿ ಎಂದು ಹೇಳಿ ಬಿಡಿ. ಮಗಳು ಒಂದು ಸಾಕೆಂದರೆ, ಮೂರು ವರ್ಷ ತಡೆಯಿರಿ ಎಂದರೆ, ಅವಳ ಮಾತಿಗೆ ಅಡ್ಡ ಬಾರದೆ ಪೂರ್ತಿ ಕೇಳಿಸಿಕೊಳ್ಳಿ.